ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಸ್ಟೇಜ್: ಮಾತ್ರೆಯಾ, ಕಿಮೋನಾ, ಇಮ್ಯುನೋನಾ? ಮಣಿಪಾಲವಾ, ಮುಂಬೈಯಾ?

ರಿಪೋರ್ಟಿನಲ್ಲಿ ಸ್ಟೇಜ್ 4, ಅಂದರೆ ಬೇರೆ ಕಡೆಗೂ ಹರಡಿದೆ, ಅಂತ ಕಂಡ ದಿನವೇ ಮನೆಯಲ್ಲಿ ನಾಲ್ಕು ಪಕ್ಷ ಆಗುತ್ತದೆ. ದುಬೈಯಲ್ಲಿರುವ ಮಗ ಇವತ್ತೇ ಮುಂಬೈಯ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೊರಡಿ ಅಂತ ವಾಟ್ಸಪ್ ಕಾಲ್ ಮಾಡುತ್ತಾನೆ. ಇಲ್ಲಿ ಮಂಗಳೂರು ಮಣಿಪಾಲದ ಡಾಕ್ಟರು ಬರುವ ವಾರ ಕಿಮೋ ಶುರು ಮಾಡುವ ಅಂದಿರುತ್ತಾರೆ. ಬಾವನ ಆಫೀಸಿನಲ್ಲಿ ಯಾರೋ ಬರೀ ಮಾತ್ರೆ ತಿಂದೇ ಎರಡು ವರ್ಷದಿಂದ ಆರಾಮ ಇದ್ದಾರಂತೆ. ಪಕ್ಕದ ಮನೆಯವರು ಲಕ್ಷ್ಮಣ ಫಲದ ಎಲೆ ತಂದು ಕೊಟ್ಟು ಹೋಗಿರುತ್ತಾರೆ. ಕಾಯಿಲೆ ಬಂದಿರುವ ದೊಡ್ಡಪ್ಪನಿಗೆ ಮಾತ್ರ ಎದೆಯಲ್ಲಿ ಸ್ವಲ್ಪ ನೀರು ತುಂಬಿದೆ ಅಂತಷ್ಟೇ ಗೊತ್ತು.

ಎಲೆಯ ವಿಷಯ ಬಿಡಿ, ಉಳಿದವರ ಮಾತಲ್ಲಿ ಸುಳ್ಳಿಲ್ಲ. ಮಾತ್ರೆ ತಿಂದು ಆರಾಮಾದವರೂ ಇದ್ದಾರೆ, ಕಿಮೋದಿಂದ ಎದ್ದು ಓಡಾಡಿದವರೂ ಇದ್ದಾರೆ. ಆದರೆ ಒಬ್ಬರಿಗೆ ಸರಿ ಹೋದದ್ದು ಇನ್ನೊಬ್ಬರಿಗೆ ಬರೀ ದುಡ್ಡು ದಂಡ ಆಗಬಹುದು. ನಾನು ಡಾಕ್ಟರಲ್ಲ. ಮನೆಯ ಹಿರಿಯರ ಫೈಲ್ ಹಿಡಿದುಕೊಂಡು ಇಲ್ಲಿನ ಓಪಿಡಿಗಳಲ್ಲಿ ಕೂತವನು. ಹಾಗಾಗಿ ಡಾಕ್ಟರ ಮಾತಿನ ಬದಲಿಗೆ ಇದನ್ನು ಓದಬೇಡಿ, ಅವರ ಹತ್ತಿರ ಎಂತ ಕೇಳಬೇಕು ಅಂತ ತಿಳಿಯಲಿಕ್ಕೆ ಓದಿ.

ಆಯ್ಕೆಗೆ ಮೊದಲು ಕೈಯಲ್ಲಿ ಇರಬೇಕಾದದ್ದು

ಮೊದಲನೆಯದು, ಯಾವ ಜಾತಿಯ ಕ್ಯಾನ್ಸರ್ ಅನ್ನುವುದು. ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ ಶೇ. 85ರಷ್ಟು ನಾನ್ ಸ್ಮಾಲ್ ಸೆಲ್, ಉಳಿದದ್ದು ಸ್ಮಾಲ್ ಸೆಲ್. ಸ್ಮಾಲ್ ಸೆಲ್ ಬಹಳ ಬೇಗ ಬೆಳೆಯುತ್ತದೆ, ಅದಕ್ಕೆ ಕಿಮೋವನ್ನು ತಡ ಮಾಡುವ ಹಾಗಿಲ್ಲ, ಇಲ್ಲಿ ಮಾತ್ರೆಯ ಚರ್ಚೆ ಬರುವುದೇ ಇಲ್ಲ ಎನ್ನಬಹುದು. ನಾನ್ ಸ್ಮಾಲ್ ಸೆಲ್ ಆದರೆ ಅದರಲ್ಲಿ ಅಡೆನೋಕಾರ್ಸಿನೋಮವಾ ಸ್ಕ್ವಾಮಸ್ಸಾ ಅಂತ ಬಯಾಪ್ಸಿ ರಿಪೋರ್ಟಿನಲ್ಲಿ ಬರೆದಿರುತ್ತದೆ. ಮುಂದಿನ ದಾರಿ ಎಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ. (ಸೂಜಿ ಹಾಕಿದರೆ ಹರಡುತ್ತದೆ ಅಂತ ಬಯಾಪ್ಸಿಗೆ ಹೆದರುವವರು ನಮ್ಮಲ್ಲಿ ಇನ್ನೂ ಇದ್ದಾರೆ ಮಾರಾಯ್ರೆ. ಆ ಹೆದರಿಕೆಯಲ್ಲಿ ತಿಂಗಳು ಕಳೆದರೆ ಅಷ್ಟರಲ್ಲಿ ಕಾಯಿಲೆಯೇ ಹರಡುತ್ತದೆ.)

ಎರಡನೆಯದು ಜೀನ್ ಟೆಸ್ಟ್. ನನ್ನನ್ನು ಕೇಳಿದರೆ ಈ ಇಡೀ ಲೇಖನದಲ್ಲಿ ನೆನಪಿಡಬೇಕಾದ್ದು ಇದೇ. ಅಡೆನೋಕಾರ್ಸಿನೋಮ ಅಂತ ಬಂದರೆ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1 ಅಂತ ಕೆಲವು ಜೀನ್‌ಗಳಲ್ಲಿ ಬದಲಾವಣೆ ಉಂಟಾ ಅಂತ ನೋಡುತ್ತಾರೆ, ಜೊತೆಗೆ ಪಿಡಿ-ಎಲ್1 (ಇಮ್ಯುನೋಥೆರಪಿ ಹಿಡಿಯಬಹುದಾ ಅಂತ ಅಂದಾಜು ಕೊಡುವ ಪ್ರೋಟೀನು) ಎಷ್ಟು ಶೇಕಡಾ ಅಂತಲೂ ಅಳೆಯುತ್ತಾರೆ. ನಮ್ಮ ದೇಶದ ಅಡೆನೋಕಾರ್ಸಿನೋಮ ರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಬದಲಾವಣೆ ಸಿಗುತ್ತದೆ. ಜೀವನದಲ್ಲಿ ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಇನ್ನೂ ಜಾಸ್ತಿ. ಅತ್ತೆ ಸಿಗರೇಟು ಸೇದಿದವರಲ್ಲ, ಅವರಿಗೆ ಹೇಗೆ ಬಂತು ಅಂತ ತಲೆ ಕೆಡಿಸಿಕೊಳ್ಳುವ ಮನೆಗಳಲ್ಲಿ ಈ ಟೆಸ್ಟ್ ಬಿಡಲೇ ಬಾರದು.

ರಿಪೋರ್ಟ್ ಬರಲು ಎರಡು ಮೂರು ವಾರ ಹಿಡಿಯಬಹುದು. ಆ ಕಾಯುವ ದಿನಗಳು ಬಹಳ ಕಷ್ಟ, ಏನೂ ಮಾಡದೆ ಸುಮ್ನೆ ಕೂತ ಹಾಗೆ ಅನಿಸುತ್ತದೆ. ಉಸಿರಾಟದ ತೊಂದರೆ ಏರುತ್ತಿದ್ದರೆ ಡಾಕ್ಟರು ಕಾಯದೆ ಕಿಮೋ ಶುರು ಮಾಡುತ್ತಾರೆ, ಅದು ಸರಿಯೇ. ಆದರೆ ರೋಗಿ ಎದ್ದು ಓಡಾಡುತ್ತಿದ್ದರೆ, ಜೀನ್ ರಿಪೋರ್ಟ್ ಬಂದ ಮೇಲೆ ನಿರ್ಧಾರ ಮಾಡಬಹುದಾ ಅಂತ ಬಾಯಿಬಿಟ್ಟು ಕೇಳಿ. ಬಯಾಪ್ಸಿ ತುಣುಕು ಸಾಲದು ಅಂತ ಕೆಲವೊಮ್ಮೆ ಲ್ಯಾಬಿನವರು ವಾಪಸ್ ಕಳಿಸುತ್ತಾರೆ. ಆಗ ಎದೆಯಿಂದ ತೆಗೆದ ನೀರಿನಲ್ಲೂ ಪರೀಕ್ಷೆ ಮಾಡಬಹುದು, ರಕ್ತದಲ್ಲೂ ಮಾಡುವ ಟೆಸ್ಟ್ ಉಂಟು. ನೀರು ತೆಗೆಯುವ ದಿನವೇ ಇದನ್ನು ಕೇಳಿ, ಎಸೆದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಮೂರನೆಯದು ಮೈಯಲ್ಲಿ ಎಷ್ಟು ಶಕ್ತಿ ಉಂಟು ಅನ್ನುವುದು. ಡಾಕ್ಟರುಗಳು ಇದಕ್ಕೆ 0ಯಿಂದ 4ರ ತನಕ ಅಂಕ ಕೊಡುತ್ತಾರೆ. 0 ಅಂದರೆ ಮೊದಲಿನ ಹಾಗೇ ಕೆಲಸ ಮಾಡುವವರು, 4 ಅಂದರೆ ಪೂರ್ತಿ ಹಾಸಿಗೆ ಹಿಡಿದವರು. ಹಗಲಿನ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಲಗಿಯೇ ಇರುವವರಿಗೆ ಕಿಮೋ ಒಳ್ಳೆಯದಕ್ಕಿಂತ ಕೆಟ್ಟದ್ದೇ ಮಾಡಬಹುದು. ಎಕ್ಸ್‌ರೇಯಲ್ಲಿ ಕಲೆ ಕಂಡಿತು ಅಂತ ತಿಂಗಳುಗಟ್ಟಲೆ ಟಿಬಿ ಮಾತ್ರೆ ತಿಂದು ಕೊನೆಗೆ ಇಲ್ಲಿಗೆ ತಲುಪುವವರು ನಮ್ಮಲ್ಲಿ ಬಹಳ. ಅಷ್ಟರಲ್ಲಿ ತೂಕ ಇಳಿದಿರುತ್ತದೆ. ಮಕ್ಕಳು ನೋಡುವಾಗ ಅಪ್ಪ ಗಟ್ಟಿಯೇ ಕಾಣುತ್ತಾರೆ, ಡಾಕ್ಟರ ಎದುರು ಅಪ್ಪನೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಸ್ನಾನಕ್ಕೆ ಆಸರೆ ಬೇಕಾ, ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತಾರೆ, ಇದನ್ನು ಮನೆಯಲ್ಲಿ ನೋಡಿಕೊಳ್ಳುವ ಅಮ್ಮನೋ ಅತ್ತಿಗೆಯೋ ಹೇಳಬೇಕು.

ನಾಲ್ಕನೆಯದು, ಈ ಚಿಕಿತ್ಸೆ ಯಾವುದಕ್ಕೆ? ಹರಡಿದ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಗುಣ ಮಾಡಲಿಕ್ಕಲ್ಲ, ಹತೋಟಿಯಲ್ಲಿಡಲಿಕ್ಕೆ. ತಿಂಗಳುಗಳು ಸಿಗಬಹುದು, ಕೆಲವರಿಗೆ ವರ್ಷಗಳೂ ಸಿಗುತ್ತವೆ. ಇದನ್ನು ಡಾಕ್ಟರ ಹತ್ತಿರ ನೇರವಾಗಿ ಕೇಳದೆ ಜಾಗ ಮಾರಲು ಹೋಗಬೇಡಿ. ಐದನೆಯದು ದುಡ್ಡು ಮತ್ತು ದೂರ, ಅದಕ್ಕೆ ಆಮೇಲೆ ಬರುತ್ತೇನೆ.

ಮಾತ್ರೆ

ಜೀನ್ ಬದಲಾವಣೆ ಸಿಕ್ಕಿದರೆ ಮಾತ್ರ ಇದು. ಸಿಗದಿದ್ದರೂ ಒಂದು ಟ್ರೈ ಮಾಡುವ ಅನ್ನುವವರಿಗೆ ಸಾಕ್ಷಿ ಜೊತೆಗಿಲ್ಲ.

ಇಜಿಎಫ್‌ಆರ್ ಇದ್ದರೆ ಮೂರು ದಾರಿ. ಜೆಫಿಟಿನಿಬ್ ಅಥವಾ ಎರ್ಲೋಟಿನಿಬ್ ಹಳೆಯದು, ದಿನಕ್ಕೊಂದು ಮಾತ್ರೆ, ಜೆನೆರಿಕ್ ಆದರೆ ತಿಂಗಳಿಗೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಓಸಿಮರ್ಟಿನಿಬ್ ಹೊಸದು, ಮಿದುಳಿಗೆ ಹರಡಿದ್ದರೂ ಚೆನ್ನಾಗಿ ಕೆಲಸ ಮಾಡುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳೆಯ ಮಾತ್ರೆಗಳು ಕಾಯಿಲೆಯನ್ನು ಸರಾಸರಿ 10.2 ತಿಂಗಳು ತಡೆದರೆ ಇದು 18.9 ತಿಂಗಳು ತಡೆಯಿತು. ಆದರೆ ಬೆಲೆ ಬಹಳ ಜಾಸ್ತಿ, ಒರಿಜಿನಲ್ ಬ್ರ್ಯಾಂಡ್ ಆದರೆ ಲಕ್ಷದ ಲೆಕ್ಕ. 2024ರ ಬಜೆಟ್‌ನಲ್ಲಿ ಇದರ ಮೇಲಿನ ಆಮದು ಸುಂಕ ತೆಗೆದರು, ಕಂಪನಿಯ ರೋಗಿ ನೆರವು ಯೋಜನೆಯಲ್ಲಿ ಕೆಲವು ತಿಂಗಳು ಕೊಂಡರೆ ಉಳಿದದ್ದು ಬಿಟ್ಟಿಗೆ ಸಿಗುವ ವ್ಯವಸ್ಥೆಯೂ ಇರುತ್ತದೆ. ಎಂಆರ್‌ಪಿ ನೋಡಿಯೇ ವಾಪಸ್ ಬರಬೇಡಿ, ಆಸ್ಪತ್ರೆಯ ಸೋಶಿಯಲ್ ವರ್ಕರನ್ನು ಕೇಳಿ.

ಮಧ್ಯದ ದಾರಿ ನಮ್ಮ ದೇಶದವರೇ ತೋರಿಸಿದ್ದು. ಟಾಟಾ ಮೆಮೋರಿಯಲ್‌ನವರು 350 ರೋಗಿಗಳ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಜೆಫಿಟಿನಿಬ್ ತಿಂದವರಲ್ಲಿ ಕಾಯಿಲೆ 8 ತಿಂಗಳು ಹತೋಟಿಯಲ್ಲಿದ್ದರೆ, ಜೆಫಿಟಿನಿಬ್ ಜೊತೆಗೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ ಕಿಮೋ ತಗೊಂಡವರಲ್ಲಿ 16 ತಿಂಗಳು ಇತ್ತು. ಬದುಕಿದ ಅವಧಿಯೂ ಜಾಸ್ತಿ. ಆದರೆ ಜೋರಾದ ಅಡ್ಡಪರಿಣಾಮ ನೂರರಲ್ಲಿ 25 ಮಂದಿಯಿಂದ 51ಕ್ಕೆ ಏರಿತು. ಅಂದರೆ ಗಟ್ಟಿ ಇರುವ, ಆದರೆ ಓಸಿಮರ್ಟಿನಿಬ್ ಕೊಳ್ಳಲಾಗದ 55ರ ಮಾವನಿಗೆ ಇದು ಒಳ್ಳೆಯ ಆಯ್ಕೆ. 80ರ ಅಜ್ಜಿಗೆ ಬರೀ ಜೆಫಿಟಿನಿಬ್ ಸಾಕು, ಅದರಲ್ಲಿ ತಪ್ಪೇನೂ ಇಲ್ಲ.

ಎಎಲ್‌ಕೆ ಸಿಗುವುದು ಕಡಿಮೆ ಜನರಿಗೆ, ಸಿಕ್ಕಿದವರ ಅದೃಷ್ಟ. ಅದಕ್ಕಿರುವ ಅಲೆಕ್ಟಿನಿಬ್ ಮಾತ್ರೆಯ ಅಧ್ಯಯನದಲ್ಲಿ ಕಾಯಿಲೆ ಸರಾಸರಿ 34.8 ತಿಂಗಳು ತಡೆದು ನಿಂತಿತ್ತು. ಬೆಲೆ ಜಾಸ್ತಿಯೇ. ಆದರೆ ದೊಡ್ಡ ಸಾಲ ಮಾಡುವುದಿದ್ದರೆ ಅರ್ಥ ಇರುವ ಜಾಗಗಳಲ್ಲಿ ಇದೊಂದು, ಅದು ನನ್ನ ಅಭಿಪ್ರಾಯ.

ಮಾತ್ರೆ ಅಂದರೆ ತೊಂದರೆ ಇಲ್ಲ ಅಂತಲ್ಲ. ಮುಖದ ತುಂಬ ಮೊಡವೆ ಹಾಗೆ ಗುಳ್ಳೆ, ಭೇದಿ, ಉಗುರಿನ ಬದಿ ಕೀವು, ಇದೆಲ್ಲ ಬರುತ್ತದೆ. ಹೊಸದಾಗಿ ಕೆಮ್ಮು, ಏದುಸಿರು ಶುರುವಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಇನ್ನೊಂದು, ಜೆಫಿಟಿನಿಬ್ ಎರ್ಲೋಟಿನಿಬ್ ಜೊತೆ ನಮ್ಮಲ್ಲಿ ಎಲ್ಲರೂ ನುಂಗುವ ಗ್ಯಾಸ್ ಮಾತ್ರೆ ಹೊಂದುವುದಿಲ್ಲ, ಔಷಧಿ ಮೈಗೆ ಹಿಡಿಯುವುದು ಕಡಿಮೆ ಆಗುತ್ತದೆ. ಕಷಾಯ, ಲಕ್ಷ್ಮಣ ಫಲ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಟ್ಟರೆ ಲಿವರ್ ಟೆಸ್ಟ್ ಯಾಕೆ ಏರಿತು ಅಂತ ಅವರಿಗೆ ತಿಳಿಯುವುದಾದರೂ ಹೇಗೆ?

ಕಿಮೋ

ಕಿಮೋ ಹೆಸರು ಕೇಳಿದರೇ ಹೆದರುತ್ತಾರೆ. ಸಿನಿಮಾದಲ್ಲಿ ತೋರಿಸುವಷ್ಟು ಘೋರ ಈಗ ಇಲ್ಲ. ಅಡೆನೋಗೆ ಸಾಮಾನ್ಯವಾಗಿ ಪೆಮೆಟ್ರೆಕ್ಸೆಡ್ ಜೊತೆ ಕಾರ್ಬೋಪ್ಲಾಟಿನ್, ಸ್ಕ್ವಾಮಸ್‌ಗೆ ಪಾಕ್ಲಿಟಾಕ್ಸೆಲ್ ಜೊತೆ ಕಾರ್ಬೋಪ್ಲಾಟಿನ್. 21 ದಿನಕ್ಕೊಮ್ಮೆ, ನಾಲ್ಕರಿಂದ ಆರು ಸಲ. ಪೆಮೆಟ್ರೆಕ್ಸೆಡ್‌ನಲ್ಲಿ ಕೂದಲು ಅಷ್ಟಾಗಿ ಉದುರುವುದಿಲ್ಲ, ಪಾಕ್ಲಿಟಾಕ್ಸೆಲ್‌ನಲ್ಲಿ ಉದುರುತ್ತದೆ. ಪೆಮೆಟ್ರೆಕ್ಸೆಡ್ ಆದರೆ ಒಂದು ವಾರ ಮೊದಲೇ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ಶುರು ಆಗಿರಬೇಕು, ಮರೆಯಬೇಡಿ. 2019ರಲ್ಲಿ ಸರಕಾರ ಹಲವು ಕ್ಯಾನ್ಸರ್ ಔಷಧಿಗಳ ಲಾಭಾಂಶಕ್ಕೆ ಮಿತಿ ಹಾಕಿದ ಮೇಲೆ ಇವುಗಳಲ್ಲಿ ಕೆಲವು ಬ್ರ್ಯಾಂಡ್‌ಗಳ ಬೆಲೆ ಬಹಳ ಇಳಿದಿದೆ. ಒಂದೇ ಔಷಧಿಗೆ ಬ್ರ್ಯಾಂಡ್‌ನಿಂದ ಬ್ರ್ಯಾಂಡ್‌ಗೆ ಅಜಗಜಾಂತರ ಇರುತ್ತದೆ, ಕಡಿಮೆಯದ್ದು ಉಂಟಾ ಅಂತ ಕೇಳಲು ನಾಚಿಕೆ ಬೇಡ.

ಕಿಮೋದಲ್ಲಿ ನಿಜವಾಗಿ ಹೆದರಬೇಕಾದ್ದು ಜ್ವರಕ್ಕೆ. ಒಂದು ವಾರದಿಂದ ಎರಡು ವಾರದ ಒಳಗೆ ಬಿಳಿ ರಕ್ತಕಣ ಇಳಿಯುತ್ತದೆ. ಆಗ 100.4 ಡಿಗ್ರಿ ದಾಟಿದರೆ ರಾತ್ರಿ ಎಷ್ಟು ಗಂಟೆಯಾದರೂ ಆಸ್ಪತ್ರೆಗೆ ಹೋಗಬೇಕು, ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಇಮ್ಯುನೋಥೆರಪಿ

ದುಡ್ಡಿದ್ದವರು ಮೊದಲು ಕೇಳುವುದು ಇದನ್ನೇ. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಂಜೆಕ್ಷನ್ ಇದು. ಪೆಂಬ್ರೋಲಿಜುಮಾಬ್, ನಿವೋಲುಮಾಬ್ ಈ ಗುಂಪಿನವು. ಪಿಡಿ-ಎಲ್1 ಶೇ. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಇಜಿಎಫ್‌ಆರ್ ಎಎಲ್‌ಕೆ ಇಲ್ಲದವರಿಗೆ ಇದು ನಿಜವಾಗಿ ದೊಡ್ಡ ಔಷಧಿ. ಅಂಥವರ ಮೇಲೆ ಮಾಡಿದ ಅಧ್ಯಯನದಲ್ಲಿ ಪೆಂಬ್ರೋಲಿಜುಮಾಬ್ ತಗೊಂಡ ನೂರರಲ್ಲಿ ಸುಮಾರು 32 ಮಂದಿ ಐದು ವರ್ಷದ ನಂತರವೂ ಬದುಕಿದ್ದರು, ಕಿಮೋದಿಂದ ಶುರು ಮಾಡಿದವರಲ್ಲಿ ಸುಮಾರು 16. ಉಳಿದ 68 ಮಂದಿ ಇರಲಿಲ್ಲ ಅನ್ನುವುದನ್ನೂ ಅದೇ ಉಸಿರಿನಲ್ಲಿ ಓದಿಕೊಳ್ಳಬೇಕು. ಪಿಡಿ-ಎಲ್1 ಕಡಿಮೆ ಇದ್ದರೆ ಕಿಮೋ ಜೊತೆ ಸೇರಿಸಿ ಕೊಡುತ್ತಾರೆ.

ಪೆಂಬ್ರೋಲಿಜುಮಾಬ್ ಬೆಲೆ ಒಂದು ಡೋಸ್‌ಗೇ ಲಕ್ಷಗಳಲ್ಲಿ, ಅದೂ ಮೂರು ವಾರಕ್ಕೊಮ್ಮೆ, ಎರಡು ವರ್ಷದ ತನಕ. ಮೊದಲ ಎರಡು ಡೋಸ್‌ಗೆ ಚಿನ್ನ ಅಡವಿಟ್ಟು ಮೂರನೆಯದಕ್ಕೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಆ ದುಡ್ಡಲ್ಲಿ ಪೂರ್ತಿ ಕಿಮೋ, ಮನೆಯ ಆರೈಕೆ ಎಲ್ಲ ಆಗುತ್ತದೆ. ಜೀನ್ ರಿಪೋರ್ಟ್ ಬರುವ ಮೊದಲೇ ಅವಸರದಲ್ಲಿ ಇದನ್ನು ಶುರು ಮಾಡುವುದೂ ಬೇಡ. ಇಜಿಎಫ್‌ಆರ್ ಇದ್ದವರಿಗೆ ಇದು ಅಷ್ಟಾಗಿ ಹಿಡಿಯುವುದಿಲ್ಲ, ಇದಾದ ಕೂಡಲೇ ಓಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದ ಉರಿಯೂತದ ಅಪಾಯ ಏರುತ್ತದೆ.

ಕಡಿಮೆಗೆ ತರಿಸಿ ಕೊಡುತ್ತೇನೆ ಅನ್ನುವ ವಾಟ್ಸಪ್ ಏಜೆಂಟರಿಂದ ದೂರ ಇರಿ. 2024ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಹಿಡಿದ ಜಾಲ ದುಬಾರಿ ಕ್ಯಾನ್ಸರ್ ಔಷಧಿಯ ಖಾಲಿ ಬಾಟಲಿಗಳಿಗೆ ಬೇರೆ ಏನೋ ತುಂಬಿ ಮಾರುತ್ತಿತ್ತು. ಬಿಲ್ಲು, ಬ್ಯಾಚ್ ನಂಬರ್ ಇಲ್ಲದ ಔಷಧಿ ಬೇಡವೇ ಬೇಡ.

ರೇಡಿಯೇಶನ್, ನೀರು ತೆಗೆಯುವುದು

ಇವು ಮೇಲಿನವುಗಳ ಬದಲಿಗೆ ಅಲ್ಲ, ಜೊತೆಗೆ. ಎಲುಬಿಗೆ ಹರಡಿ ನೋವಿದ್ದರೆ ಒಂದೇ ದಿನದ ರೇಡಿಯೇಶನ್ ಕೂಡ ಹತ್ತು ದಿನದ್ದರಷ್ಟೇ ನೋವು ಇಳಿಸಬಲ್ಲದು, ಮತ್ತೊಮ್ಮೆ ಬೇಕಾಗುವ ಸಾಧ್ಯತೆ ಮಾತ್ರ ಸ್ವಲ್ಪ ಜಾಸ್ತಿ. ಬೈಂದೂರಿನಿಂದ ಮಣಿಪಾಲಕ್ಕೆ ದಿನಾ ಬರುವವರು ಇದನ್ನು ಕೇಳಲೇಬೇಕು.

ಪಾಲಿಯೇಟಿವ್

ನೋವು, ಏದುಸಿರು, ಮನಸ್ಸಿನ ಕಷ್ಟ ಇಳಿಸುವ ಆರೈಕೆ ಇದು. ಇನ್ನು ಏನೂ ಮಾಡಲಿಕ್ಕೆ ಇಲ್ಲ ಅಂದಾಗ ಕಳಿಸುವ ಜಾಗ ಅಂತ ನಮ್ಮವರು ಇದನ್ನು ತಿಳಿದುಕೊಂಡಿದ್ದಾರೆ. ಅಮೆರಿಕದ ಬೋಸ್ಟನ್‌ನಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಉಂಟು. ಚಿಕಿತ್ಸೆಯ ಜೊತೆಗೇ ಮೊದಲಿನಿಂದ ಪಾಲಿಯೇಟಿವ್ ಡಾಕ್ಟರನ್ನು ಕಂಡವರು ಸರಾಸರಿ 11.6 ತಿಂಗಳು ಬದುಕಿದರು, ಕಾಣದವರು 8.9 ತಿಂಗಳು. ಕಂಡವರಿಗೆ ಕೊನೆಯ ದಿನಗಳಲ್ಲಿ ಒತ್ತಾಯದ ಚಿಕಿತ್ಸೆಯೂ ಕಡಿಮೆ ಇತ್ತು, ಮನಸ್ಸಿನ ಕುಗ್ಗುವಿಕೆಯೂ ಕಡಿಮೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೊಡುವ ಬೇರೆ ಯಾವುದೂ ಈ ಪಟ್ಟಿಯಲ್ಲಿ ಇಲ್ಲ.

ಮಾರ್ಫಿನ್ ಮಾತ್ರೆ ಅಂದ ಕೂಡಲೇ ಚಟ ಆಗುತ್ತದೆ ಅಂತ ಹೆದರುವುದು ಬೇಡ. ಡಾಕ್ಟರು ಹೇಳಿದ ಹಾಗೆ ಕೊಟ್ಟರೆ ನೋವು ಮಾತ್ರ ಅಲ್ಲ, ಏದುಸಿರೂ ಇಳಿಯುತ್ತದೆ. ಮಲಬದ್ಧತೆಗೆ ಮಾತ್ರ ಮೊದಲೇ ಔಷಧಿ ಕೇಳಿ. ಮಣಿಪಾಲದ ಕಸ್ತೂರ್ಬಾದಲ್ಲಿ ಪಾಲಿಯೇಟಿವ್ ವಿಭಾಗವೇ ಉಂಟು, ಉಡುಪಿ ಹತ್ತಿರ ಹಾವಂಜೆಯಲ್ಲಿ ಮಣಿಪಾಲದವರದ್ದೇ ಹಾಸ್ಪಿಸ್ (ಇಂಥ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ಜಾಗ) ಉಂಟು. ಹಾಸಿಗೆ ಹಿಡಿದ, ಜೀನ್ ಬದಲಾವಣೆಯೂ ಇಲ್ಲದ ಅಜ್ಜನಿಗೆ ಇದೊಂದೇ ಸಾಕು ಅಂತ ನಿರ್ಧಾರ ಮಾಡುವುದು ಕೈಬಿಟ್ಟ ಹಾಗೆ ಅಲ್ಲ. ಹಾಸಿಗೆ ಹಿಡಿದಿದ್ದರೂ ಇಜಿಎಫ್‌ಆರ್ ಇದ್ದರೆ ಮಾತು ಬೇರೆ, ಮಾತ್ರೆಯಿಂದ ಅಂಥವರೂ ಎದ್ದು ಕೂರುವುದುಂಟು.

ಎಲ್ಲಿ?

ಮಂಗಳೂರು ಮಣಿಪಾಲದ ಮಟ್ಟಿಗೆ ನಾವು ಪುಣ್ಯವಂತರು. ಫಾದರ್ ಮುಲ್ಲರ್, ಕೆಎಂಸಿ, ಎ.ಜೆ., ದೇರಳಕಟ್ಟೆಯ ಯೆನೆಪೊಯ, ಮಣಿಪಾಲದ ಕಸ್ತೂರ್ಬಾ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕಡೆ ಕ್ಯಾನ್ಸರ್ ವಿಭಾಗ ಇರುವ ಊರು ಕಡಿಮೆ. ನಾಲ್ಕನೇ ಸ್ಟೇಜಿನ ಮಾಮೂಲಿ ಕಿಮೋ, ಮಾತ್ರೆ, ರೇಡಿಯೇಶನ್‌ಗೆ ದೂರ ಹೋಗಬೇಕಾಗಿಲ್ಲ. ಮುಂಬೈಯಲ್ಲಿ ಕೊಡುವ ಕಾರ್ಬೋಪ್ಲಾಟಿನ್ನೇ ಇಲ್ಲೂ ಕೊಡುವುದು. ಜ್ವರದ ಮಾತು ಮೇಲೆ ಹೇಳಿದೆನಲ್ಲ, ಕಿಮೋ ಬೆಂಗಳೂರಿನಲ್ಲಿ ಮಾಡಿಸಿ ಹತ್ತನೇ ದಿನ ಕುಂದಾಪುರದಲ್ಲಿ ನಡುರಾತ್ರಿ ಜ್ವರ ಬಂದರೆ ಯಾರನ್ನು ಕೇಳುತ್ತೀರಿ? ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದರೆ 21ನೇ ದಿನದ ಡೋಸ್ ಕಥೆ ಏನು?

ಎರಡನೇ ಅಭಿಪ್ರಾಯಕ್ಕೆ ಟಾಟಾ ಒಳ್ಳೆಯದು, ಒಂದು ಸಲ ಹೋಗಿ ಬರೆಸಿಕೊಂಡು ಬಂದು ಇಲ್ಲಿ ಮುಂದುವರಿಸಬಹುದು. ರಿಪೋರ್ಟ್ ಕಾಗದ ಮಾತ್ರ ಸಾಲದು, ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಗಾಜಿನ ಮೇಲೆ ಮತ್ತು ಮೇಣದಲ್ಲಿ ಇಟ್ಟ ತುಣುಕು) ಇಲ್ಲಿನ ಲ್ಯಾಬಿನಿಂದ ಕೇಳಿ ಪಡೆಯಿರಿ, ಸ್ಕ್ಯಾನ್ ಸಿಡಿಯೂ ಬೇಕು. ರೋಗಿಗೆ ಆಗದಿದ್ದರೆ ಮನೆಯವರೇ ಇವನ್ನು ಹಿಡಿದುಕೊಂಡು ಹೋಗಬಹುದಾ ಅಂತ ಮೊದಲೇ ವಿಚಾರಿಸಿ. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ರೈಲಿನ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಶೇ. 75. ಮುಂಬೈಯ ಮತ್ಸ್ಯಗಂಧ ರೈಲು ಹತ್ತುವ ಮೊದಲು ಆ ಫಾರ್ಮ್ ತುಂಬಿಸಿಕೊಳ್ಳಿ. ಬೆಂಗಳೂರಿನ ಕಿದ್ವಾಯಿ ಸರಕಾರದ್ದು, ಖರ್ಚು ಕಡಿಮೆ, ರಶ್ ಜಾಸ್ತಿ. ಅಲ್ಲಿ ಉಳಿಯಲು ನೆಂಟರ ಮನೆ ಇದ್ದರೆ ಲೆಕ್ಕ ಹೊಂದುತ್ತದೆ, ರೂಮು ಬಾಡಿಗೆಗೆ ಹಿಡಿಯುವುದಾದರೆ ಉಳಿತಾಯವೆಲ್ಲ ಅದಕ್ಕೇ ಹೋಗುತ್ತದೆ.

ದುಡ್ಡು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಎಪಿಎಲ್ ಆದರೆ ಸರಕಾರ ಕೊಡುವುದು ಪ್ಯಾಕೇಜಿನ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಿಂದಲೋ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಿಂದಲೋ ರೆಫರಲ್ ಪತ್ರ ಬೇಕಾಗುತ್ತದೆ. ಅಡ್ಮಿಟ್ ಆಗಿ ಬಿಲ್ ಏರಿದ ಮೇಲೆ ಇದಕ್ಕೆ ಓಡುವುದಲ್ಲ, ಮೊದಲ ದಿನವೇ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ ಯಾವ ಔಷಧಿ ಒಳಗೆ, ಯಾವುದು ಹೊರಗೆ ಅಂತ ಕೇಳಿ. ಮಣಿಪಾಲ ಆರೋಗ್ಯ ಕಾರ್ಡ್ ರಿಯಾಯಿತಿ ಕೊಡುತ್ತದೆ, ಆದರೆ ಅದು ಪೂರ್ತಿ ವಿಮೆಯಲ್ಲ.

ಖಾಸಗಿ ವಿಮೆ ಇದ್ದವರು ಪಾಲಿಸಿ ತೆಗೆದು ಓದಿ. ಮಾತ್ರೆ ರೂಪದ ಕಿಮೋ ಮತ್ತು ಇಮ್ಯುನೋಥೆರಪಿಯನ್ನು ಪೂರ್ತಿ ಹೊರಗಿಡುವ ಹಾಗಿಲ್ಲ ಅಂತ 2019ರಲ್ಲೇ ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ, ಆದರೆ ಇಂತಿಷ್ಟೇ ಕೊಡುತ್ತೇವೆ ಅಂತ ಮಿತಿ ಹಾಕಲು ಕಂಪನಿಗಳಿಗೆ ಅವಕಾಶ ಉಂಟು. ಆ ಮಿತಿ ಎಷ್ಟು ಅಂತ ತಿಳಿದ ಮೇಲೆ ಮಾತ್ರ ಇಮ್ಯುನೋ ಬಗ್ಗೆ ಮಾತಾಡಿ. ಲೆಕ್ಕ ಹಾಕುವಾಗ ತಿಂಗಳ ಖರ್ಚನ್ನು ಔಷಧಿ ಕೆಲಸ ಮಾಡಬಹುದಾದ ಅಷ್ಟೂ ತಿಂಗಳಿಗೆ ಗುಣಿಸಿ ನೋಡಿ. ಔಷಧಿ ಚೆನ್ನಾಗಿ ಹಿಡಿದಷ್ಟೂ ಹೆಚ್ಚು ಕಾಲ ಕೊಳ್ಳಬೇಕಾಗುತ್ತದೆ.

ದೊಡ್ಡಪ್ಪನಿಗೆ ಹೇಳುವುದಾ?

ಹೇಳುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ. ಎಲ್ಲವನ್ನೂ ಒಂದೇ ದಿನ ಅಲ್ಲ. "ನಿಮಗೆ ಎಷ್ಟು ತಿಳಿಯಬೇಕು ಅಂತ ಉಂಟು? ಡಾಕ್ಟರ ಹತ್ತಿರ ನೀವೇ ಮಾತಾಡುತ್ತೀರಾ, ನಾನು ಮಾತಾಡಲಾ?" ಅಂತ ಕೇಳಿದರೆ ಸಾಕು, ಅವರೇ ದಾರಿ ತೋರಿಸುತ್ತಾರೆ. ಕೆಲವರು ನೀನೇ ನೋಡಿಕೋ ಮಗಾ ಅನ್ನುತ್ತಾರೆ, ಅದೂ ಒಂದು ಉತ್ತರವೇ. ಮೊಮ್ಮಗಳ ಮದುವೆ ತನಕ ಹೇಗಾದರೂ ಇರಬೇಕು ಅನ್ನುವವರು ಕಷ್ಟದ ಕಿಮೋವನ್ನೂ ತಡೆದುಕೊಳ್ಳುತ್ತಾರೆ, ಮನೆಯಲ್ಲಿ ಗಂಜಿ ಉಂಡು ಜಗಲಿಯಲ್ಲಿ ಕೂತರೆ ಸಾಕು ಅನ್ನುವವರಿಗೆ ಅದು ಬೇಡದ ಶಿಕ್ಷೆ. ಕೇಳದೆ ಇದು ಹೇಗೆ ಗೊತ್ತಾಗುತ್ತದೆ, ಅಲ್ವಾ?

ಹಾಗೆಯೇ ಐಸಿಯು, ವೆಂಟಿಲೇಟರ್ ಬೇಕಾ ಬೇಡವಾ ಅನ್ನುವುದನ್ನು ಅವರು ಗಟ್ಟಿ ಇರುವಾಗಲೇ ಕೇಳಿ, ಉತ್ತರವನ್ನು ಮನೆಯ ಇನ್ನಿಬ್ಬರಿಗೂ ತಿಳಿಸಿಡಿ, ದುಬೈಯಲ್ಲಿರುವ ಮಗನಿಗೂ ಸೇರಿಸಿ. ಬ್ಯಾಂಕಿನ ನಾಮಿನಿ, ಜಾಗದ ಕಾಗದದ ವಿಷಯವೂ ಅದರ ಜೊತೆಗೇ ಆಗಲಿ.